ಲ್ಯಾಪ್‌ಟಾಪಿನ ಮುಂದೆ ಹಾಕಿಸಿದ ಆಣೆ

ನನ್ನ ಕೆಲಸ ಬೇರೆಯವರ ಬಾಯಿಯಾಗುವುದು. ಡಚ್ ಕೋರ್ಟುಗಳಲ್ಲಿ, ಪೊಲೀಸ್ ಠಾಣೆಗಳಲ್ಲಿ, ಒಮ್ಮೊಮ್ಮೆ ಆಸ್ಪತ್ರೆಗಳಲ್ಲಿ ದುಭಾಷಿ. ಕನ್ನಡ, ತುಳು, ಹಿಂದಿ ಈ ಕಡೆ, ಡಚ್ ಆ ಕಡೆ, ನಡುವಿನ ಕುರ್ಚಿ ನನ್ನದು. ಕನ್ನಡದವರು ಇಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವುದು ಅಪರೂಪ, ನನ್ನ ಹೊಟ್ಟೆ ಹೊರೆಯುವುದು ಹಿಂದಿಯೇ. ಮಂಗಳೂರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಪ್ಪನಿಗೆ ಈ ಕೆಲಸ ಒಂದು ತಮಾಷೆ. ಭಾನುವಾರ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ, "ಈ ವಾರ ಯಾವ ಕಳ್ಳನ ಬಾಯಿ ಆದೆ ಮಗಾ?" ಎಂದು. "ಅಪ್ಪಾ, ತೀರ್ಪು ಬರುವ ತನಕ ಕಳ್ಳ ಅನ್ನಬಾರದು" ಎಂದರೆ, "ಆಯ್ತು ಮಾರಾಯ್ತಿ, ಯಾವ ಸಂಭಾವಿತನ ಬಾಯಿ ಆದೆ?" ಎಂದು ನಗುತ್ತಿದ್ದರು.

ಈ ಕೆಲಸಕ್ಕೆ ಸೇರುವಾಗ ನ್ಯಾಯಾಧೀಶರ ಎದುರು ಎರಡು ಬೆರಳೆತ್ತಿ ಆಣೆ ಇಟ್ಟಿದ್ದೆ. ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತೇನೆ, ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ಅಷ್ಟೇ ಅದರ ಸಾರ. ಇಲ್ಲಿ ವಿಚಾರಣೆ ಶುರುವಾಗುವ ಮೊದಲು ನ್ಯಾಯಾಧೀಶರು ಆರೋಪಿಗೆ ಒಂದು ಮಾತು ಹೇಳಲೇಬೇಕು: ಗಮನವಿಟ್ಟು ಕೇಳಿ, ನೀವು ಉತ್ತರ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಎಲ್ಲ ಮುಗಿದ ಮೇಲೆ ಇನ್ನೊಂದು: ಕೊನೆಯ ಮಾತು ನಿಮ್ಮದು. ಈ ಎರಡು ವಾಕ್ಯಗಳನ್ನು ಎಷ್ಟು ಸಲ ಅನುವಾದಿಸಿದ್ದೇನೋ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಆದರೆ ಅವು ಒಬ್ಬ ಮನುಷ್ಯನಿಗೆ ಏನು ಕೊಡುತ್ತವೆ ಎಂದು ನನಗೆ ಅರ್ಥವಾದದ್ದು ನನ್ನದೇ ಊಟದ ಮೇಜಿನ ಮುಂದೆ ಕೂತು, ಎರಡೂ ಸಿಗದೆ ಹೋದಾಗ.

ನಾವಿರುವುದು ಆಮ್ಸ್ಟೆಲ್‌ವೀನ್‌ನ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ. ಎಲ್ಲ ಮನೆಗಳಿಗೂ ಒಂದೇ ಉದ್ದನೆಯ ಮೊಗಸಾಲೆ, ಅಡುಗೆಮನೆಯ ಕಿಟಕಿಗಳೆಲ್ಲ ಅದಕ್ಕೇ ತೆರೆದಿವೆ. ಪಕ್ಕದ ಮನೆಯವಳು ಉಡುಪಿ ಕಡೆಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಗಂಡನಿಗೆ ಯುಟ್ರೆಕ್ಟ್‌ನಲ್ಲಿ ಐಟಿ ಕೆಲಸ. ಅವಳು ಬಂದ ಹೊಸತರಲ್ಲಿ ಡಚ್ ಕ್ಲಾಸಿಗೆ ಸೇರಿಸಿದವಳು ನಾನು. ಸೈಕಲ್ ಕಲಿಸಿದವಳು ನಾನು. ಅವಳ ಮನೆಯ ಇನ್ನೊಂದು ಕೀಲಿ ನನ್ನ ಮನೆಯ ಮೊಳೆಗೆ ನೇತಾಡುತ್ತಿತ್ತು. ತುಳುವಿನಲ್ಲಿ ಜಗಳವಾಡಲು ಒಬ್ಬಳು ಸಿಕ್ಕಿದ್ದೇ ನನಗೆ ದೊಡ್ಡ ಭಾಗ್ಯ. ಒಡಹುಟ್ಟಿದ ತಂಗಿ ಇಲ್ಲದ ಕೊರತೆ ಅವಳಿಂದ ತುಂಬಿತ್ತು ಎಂದು ಹೇಳಲು ನನಗೆ ಈಗಲೂ ನಾಚಿಕೆಯಿಲ್ಲ.

ಕರ್ಫ್ಯೂ ಇದ್ದ ಆ ಚಳಿಗಾಲದಲ್ಲಿ ಅವಳಿಗೆ ಏಳು ತಿಂಗಳು. ಮನೆಗೆ ದಿನಕ್ಕೆ ಒಬ್ಬರೇ ಅತಿಥಿ ಎಂದು ಸರ್ಕಾರ ಹೇಳಿದ್ದ ಕಾಲ. ಅವಳು ಬಯಕೆಯ ಶಾಸ್ತ್ರಕ್ಕೆ ಹದಿನೈದು ಜನರನ್ನು ಕರೆದಳು. ಮನೆಯಲ್ಲಲ್ಲ, ಕಟ್ಟಡದ ಕೆಳಗಿನ ಸಾಮಾನ್ಯ ಕೋಣೆಯಲ್ಲಿ. ನನಗೆ ತಲೆ ಕೆಟ್ಟಿತು. ಮೊಗಸಾಲೆಯಲ್ಲಿಯೇ ನಿಂತು, "ನಿನಗೆ ಬುದ್ಧಿ ಉಂಟಾ? ಹೊಟ್ಟೆಯಲ್ಲಿ ಮಗು ಇಟ್ಕೊಂಡು ಹದಿನೈದು ಜನರ ಉಸಿರು ಕುಡೀತೀಯಾ? ನಾನು ಬರುದಿಲ್ಲ, ನೀನೂ ಮಾಡ್ಬೇಡ" ಎಂದು ಬೈದೆ. ಅವಳು, "ಅಕ್ಕಾ, ಚೊಚ್ಚಲು. ಅಮ್ಮ ಬರ್ಲಿಕ್ಕೂ ಆಗ್ಲಿಲ್ಲ. ಇಷ್ಟೂ ಬೇಡ್ವಾ ನಂಗೆ?" ಎಂದು ಕಣ್ಣು ತುಂಬಿಕೊಂಡಳು. ಹೂವು ತಂದುಕೊಡಲು ಬಂದಿದ್ದ ಇಬ್ಬರು ಹೆಂಗಸರು ಇದನ್ನೆಲ್ಲ ಕೇಳಿಸಿಕೊಂಡರು. ಹಿಂದಿನ ದಿನವೇ ಅವಳ ಕೈಗೆ ಹಸಿರು ಬಳೆ ತೊಡಿಸಿ, ಕಾರ್ಯಕ್ರಮದ ದಿನ ನಾನು ಮನೆಯಲ್ಲಿ ಕೂತು ಫೋನಿನಲ್ಲಿ ಒಬ್ಬ ರೋಗಿಗೂ ಡಾಕ್ಟರಿಗೂ ಮಾತು ದಾಟಿಸುತ್ತಿದ್ದೆ.

ಆ ಹೊತ್ತಿಗೆ ಕೆಳಗೆ ನಗರಸಭೆಯ ಇಬ್ಬರು ಅಧಿಕಾರಿಗಳು ಬಂದರಂತೆ. ಆರತಿಯ ತಟ್ಟೆ ಕೈಯಲ್ಲಿದ್ದಾಗಲೇ. ಎಲ್ಲರ ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡು, ಚದುರಿಸಿ ಹೋದರು. ಮುಂದಿನ ತಿಂಗಳು ಗಂಡ ಹೆಂಡತಿ ಇಬ್ಬರ ಹೆಸರಿಗೂ ದಂಡದ ಕಾಗದ ಬಂತು. ಅವರು ಆಗಷ್ಟೇ ಡಚ್ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದರು. ಈ ಕಾಗದ ಅದಕ್ಕೆ ಕಲ್ಲು ಹಾಕುತ್ತದೆ ಎಂದು ಅವಳಿಗೆ ಜೀವ ಹೋದ ಭಯ.

ಆದರೆ ಕಾಗದ ಬರುವ ತನಕ ನಮ್ಮವರು ಕಾಯಲಿಲ್ಲ. ಘಟನೆಯ ದಿನ ಸಂಜೆಯೇ ನಮ್ಮ ಕನ್ನಡದವರ ಗ್ರೂಪಿನಲ್ಲಿ, ಅಂದರೆ ಸುತ್ತಮುತ್ತಲಿನ ಎಂಬತ್ತು ಮನೆಯವರಿರುವ ಮೊಬೈಲ್ ಗ್ರೂಪಿನಲ್ಲಿ, ಪ್ರಶ್ನೆ ಬಿತ್ತು: "ಯಾರೋ ಕಂಪ್ಲೇಂಟ್ ಮಾಡಿದಾರೆ. ಹೂ ಈಸ್ ಇಟ್?" ಪಕ್ಕದ ಮನೆಯ ನನ್ನ ಗೆಳತಿಯೇ ಉತ್ತರ ಬರೆದಳು: "ಆಫೀಸರೇ ಬಾಗಿಲಲ್ಲಿ ನಿಂತು ಹೇಳಿದ್ರು, 'ಬ್ಯೂರ್' ಅಂತ. ನಾನೇ ಕೇಳಿದ್ದು."

ಡಚ್ಚಿನಲ್ಲಿ ಬ್ಯೂರ್ ಎಂದರೆ ನೆರೆಮನೆಯವರು. ಮೊದಲ ತಿಂಗಳ ಕ್ಲಾಸಿನಲ್ಲೇ ಕಲಿಸುವ ಪದ. ಅವಳ ಒಂದು ಪಕ್ಕ ಮೆಟ್ಟಿಲು, ಇನ್ನೊಂದು ಪಕ್ಕ ನಾನು. ಹೂವು ತಂದಿದ್ದ ಇಬ್ಬರು ತಮ್ಮ ಸಾಕ್ಷಿ ಸೇರಿಸಿದರು, "ಹಿಂದಿನ ದಿನವೇ ಕಾರಿಡಾರಲ್ಲಿ ಎಷ್ಟು ಕಿರುಚಾಡಿದ್ರು, ನಾವೇ ನೋಡಿದೀವಿ." ಮತ್ತೊಬ್ಬ, "ಅವರು ಪೊಲೀಸ್ ಸ್ಟೇಷನ್ನಲ್ಲೇ ವರ್ಕ್ ಮಾಡೋದು ತಾನೆ, ಒಂದು ಕಾಲ್ ಸಾಕು" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ನಾನು ಗ್ರೂಪಿನಲ್ಲಿ ಬರೆದೆ. ಬಹುಶಃ ಅಧಿಕಾರಿ ಹೇಳಿದ್ದು 'ಬ್ಯೂರ್ಟ್' ಇರಬೇಕು, ಕೊನೆಯಲ್ಲಿ ಒಂದು ಟಕಾರ ಇದೆ, ಹಾಗೆಂದರೆ ನೆರೆಹೊರೆ, ಆಸುಪಾಸು. 'ನಾವು ಇಲ್ಲೇ ಆಸುಪಾಸಿನಲ್ಲಿದ್ದೆವು' ಎಂದು ಅವರು ಹೇಳಿರಬಹುದು, ದಿನಾ ಹೇಳುವ ಮಾತದು. ನಾನು ಯಾರಿಗೂ ಫೋನ್ ಮಾಡಿಲ್ಲ. ಅದಕ್ಕೆ ಬಂದ ಉತ್ತರ: "ಒಂದು ಅಕ್ಷರ ಹಿಡ್ಕೊಂಡು ಲಾಯರ್ ಥರ ಆರ್ಗ್ಯೂ ಮಾಡ್ತಿದಾರೆ ನೋಡಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ." ಆ ಮಾತಿಗೆ ಇಪ್ಪತ್ತು ನಗುವ ಮುಖಗಳು. ಅಕ್ಷರಕ್ಕೆ ಅಕ್ಷರ ಎಣಿಸಿ ಜನರನ್ನು ಜೈಲಿನಿಂದ ಉಳಿಸುವ ಕೋರ್ಟುಗಳನ್ನು ನಾನು ನೋಡಿದ್ದೇನೆ. ಇವರಿಗೆ ಅಕ್ಷರ ಎಣಿಸುವುದೇ ಕಳ್ಳತನದ ಗುರುತು.

ದಂಡದ ಕಾಗದ ಬಂದಾಗ ನಾನೇ ಅವಳ ಬಾಗಿಲು ತಟ್ಟಿ, "ತಕರಾರು ಅರ್ಜಿ ನಾನು ಬರೆದುಕೊಡ್ತೇನೆ, ಎರಡು ವಾರದೊಳಗೆ ಹಾಕ್ಬೇಕು" ಎಂದೆ. ಅವಳು ಅರ್ಧ ತೆರೆದ ಬಾಗಿಲಲ್ಲಿ ನಿಂತು, "ಬೇಡ ಅಕ್ಕಾ, ಇವರ ಆಫೀಸಿನ ಡಚ್ಚವರೊಬ್ಬರು ಬರೆದು ಕೊಡ್ತಾರೆ" ಎಂದಳು. ಸರಿ ಎಂದು ಬಂದೆ. ಬೇಜಾರಾಯಿತು, ಯಾಕೆ ಸುಳ್ಳು ಹೇಳಲಿ. ಆದರೂ ಬಸುರಿಯ ಮನಸ್ಸು, ಹೆದರಿದ್ದಾಳೆ, ಎಂದು ಸಮಾಧಾನ ಮಾಡಿಕೊಂಡೆ.

ಏಪ್ರಿಲಿನಲ್ಲಿ, ತುಳುವರ ಹೊಸವರ್ಷವಾದ ಬಿಸು ಹಬ್ಬದ ಮುಂಚಿನ ವಾರ, ಗ್ರೂಪಿನ ಹಿರಿಯರು ಫೋನ್ ಮಾಡಿದರು. ಗ್ರೂಪು ಕಟ್ಟಿದವರು ಅವರೇ, ನಮ್ಮ ಕಡೆಯವರೇ, ಎಲ್ಲರೂ ಅಣ್ಣ ಎನ್ನುವ ಮನುಷ್ಯ. "ನೋಡಮ್ಮ, ಹೀಗೆ ಎಳೀತಾ ಹೋದ್ರೆ ಒಳ್ಳೇದಲ್ಲ. ಎರಡು ಪಾರ್ಟಿ ಆಗಿದೆ. ನಮ್ಮ ಊರಿನ ಕ್ರಮ ಉಂಟಲ್ಲ, ದೀಪ ಹಚ್ಚಿ ಊರಿನ ದೈವವನ್ನು ನೆನೆದು ಒಂದು ಆಣೆ ಹಾಕಿ. ಭಾನುವಾರ ವಿಡಿಯೋ ಕಾಲ್ ಇಟ್ಟುಕೊಳ್ವಾ. ಇದೇನು ಕೋರ್ಟಲ್ಲ, ಫ್ಯಾಮಿಲಿ ಮ್ಯಾಟರ್" ಎಂದರು.

ನಮ್ಮ ಕರಾವಳಿಯಲ್ಲಿ ಈ ಕ್ರಮ ಇದೆ, ಇಲ್ಲವೆನ್ನುವುದಿಲ್ಲ. ಬೇಲಿಯ ಜಗಳವೋ, ಕಳವಿನ ಅನುಮಾನವೋ, ಇತ್ಯರ್ಥವಾಗದಿದ್ದರೆ ದೈವದ ಎದುರು ನಿಂತು ಆಣೆ ಹಾಕುವುದು. ಸುಳ್ಳು ಆಣೆ ಹಾಕಿದವನ ಮನೆಗೆ ತಟ್ಟುತ್ತದೆ ಎಂದು ನಂಬಿಕೆ. ನಾನು ಹೇಳಿದೆ, "ಅಣ್ಣಾ, ನಮ್ಮ ಊರಿನ ಕ್ರಮವೇ ಬೇಕಾದ್ರೆ ಪೂರ್ತಿ ಮಾಡಿ. ಅಲ್ಲಿ ಇಬ್ಬರೂ ಬರಬೇಕು. ನಾನು ಮಾಡಿಲ್ಲ ಅಂತ ನಾನು ಹೇಳ್ಬೇಕು, ಇವಳೇ ಮಾಡಿದ್ದು ಅಂತ ಎದುರಿನವರೂ ಆಣೆ ಹಾಕ್ಬೇಕು." ಅವರು, "ಅದೆಲ್ಲ ಕಾಂಪ್ಲಿಕೇಟ್ ಮಾಡ್ಬೇಡಿ" ಎಂದು ಫೋನ್ ಇಟ್ಟರು. ನಾನು ಹಾಕುವುದಿಲ್ಲ ಎಂದು ತೀರ್ಮಾನಿಸಿದೆ. ಯಾವ ಕೋರ್ಟು ನನಗೆ ಸಮನ್ಸ್ ಕಳಿಸುವ ಅಧಿಕಾರ ಪಡೆದಿಲ್ಲವೋ ಅದರ ಎದುರು ನಾನ್ಯಾಕೆ ನಿಲ್ಲಲಿ?

ನನ್ನ ಹಟ ಮುರಿದವಳು ಗೆಳತಿ. ಶನಿವಾರ ಬೆಳಿಗ್ಗೆ ಮೊಗಸಾಲೆಯಲ್ಲಿ, ಮಾಸ್ಕ್ ಹಾಕಿಕೊಂಡು, ಒಂಬತ್ತು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. "ಅಕ್ಕಾ, ನಾನು ನಿನ್ನ ನಂಬ್ತೇನೆ, ಈ ಮಗುವಿನಾಣೆ. ಆದ್ರೆ ಇವರ ಬಾಯಿ ಮುಚ್ಚಿಸ್ಲಿಕ್ಕೆ ಬೇರೆ ದಾರಿ ಇಲ್ಲ. ಹೆರಿಗೆಗೆ ಮುಂಚೆ ಇದು ಮುಗೀಲಿ. ಸತ್ಯ ಇರುವವರಿಗೆ ಎಂತ ಹೆದ್ರಿಕೆ? ನನಗೋಸ್ಕರ ಒಂದು ಸಲ ಹಾಕಿಬಿಡು." ಹೆರುವ ಹೆಂಗಸು ಬಾಗಿಲಲ್ಲಿ ನಿಂತು ಬೇಡಿದರೆ ಯಾರು ಇಲ್ಲವೆನ್ನುತ್ತಾರೆ? ನನ್ನ ಗಂಡ ಒಳಗಿನಿಂದ, "ಹಾಕಿಬಿಡು ಮಾರಾಯ್ತಿ, ತಲೆನೋವು ಹೋಗ್ಲಿ" ಎಂದರು. ಒಪ್ಪಿದೆ.

ಭಾನುವಾರ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪಿನ ಪಕ್ಕ ದೀಪ ಹಚ್ಚಿ ಕೂತೆ. ಪರದೆಯಲ್ಲಿ ನಲವತ್ತು ಚೌಕಗಳು. ಹಲವರು ಕ್ಯಾಮೆರಾ ಆಫ್ ಮಾಡಿಕೊಂಡಿದ್ದರು, ಹೆಸರು ಮಾತ್ರ ಕಾಣುತ್ತಿತ್ತು. ಗೆಳತಿಯ ಮುಖ ಮೇಲಿನ ಸಾಲಿನಲ್ಲೇ ಇತ್ತು. ಒಬ್ಬಾತ ತಿಂಡಿ ತಿನ್ನುತ್ತ ಕೇಳಿದ, "ನೀವು ಅವತ್ತು ಮಧ್ಯಾಹ್ನ ಯಾರಿಗೆ ಫೋನ್ ಮಾಡಿದ್ರಿ? ಕಾಲ್ ಲಾಗ್ ತೋರಿಸ್ತೀರಾ?" ಆಸ್ಪತ್ರೆಯ ಕೆಲಸದ ಕರೆಗಳು, ತೋರಿಸುವಂತಿಲ್ಲ, ಗುಟ್ಟು ಕಾಯುತ್ತೇನೆಂದು ಆಣೆ ಇಟ್ಟಿದ್ದೇನೆ ಎಂದೆ. "ಓಹೋ" ಎಂದು ಎಳೆದ. ಒಂದು ಕ್ಷಣ ಸುಮ್ಮನಾದೆ. ಆ ಮೌನ ನನ್ನ ಲೆಕ್ಕಕ್ಕೆ ತಪ್ಪೊಪ್ಪಿಗೆಯಾಗಿ ಬಿತ್ತೆಂದು ಹಲವರ ಮುಖದಲ್ಲೇ ಕಂಡಿತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆ ಇದೆ, ನಿಮ್ಮಲ್ಲಿ ಕಂಡವರೂ ಇಲ್ಲ' ಎಂದು ಶುರು ಮಾಡಿದೆ. ಅರ್ಧದಲ್ಲಿ ನನ್ನ ಧ್ವನಿ ಹೋಯಿತು. ಹಿರಿಯರು ನನ್ನನ್ನು ಮ್ಯೂಟ್ ಮಾಡಿದ್ದರು. ಬಾಗಿಲ ಬಳಿ ನಿಂತಿದ್ದ ನನ್ನ ಮಗಳು, "ಅಮ್ಮಾ, ವೈ ಆರ್ ದೇ ಮ್ಯೂಟಿಂಗ್ ಯೂ?" ಎಂದು ಕೇಳಿದಳು.

ಮತ್ತೆ ಧ್ವನಿ ಕೊಟ್ಟದ್ದು ಆಣೆಗಾಗಿ ಮಾತ್ರ. ಹಿರಿಯರು ಹೇಳಿಕೊಟ್ಟರು, ನಾನು ತಿರುಗಿ ಹೇಳಿದೆ. ಯಾರು ಏನು ಹೇಳಿದರೂ ಹಾಗೇ ತಿರುಗಿ ಹೇಳುವುದು ನನ್ನ ಹೊಟ್ಟೆಪಾಡು, ನಾಲಿಗೆ ತನ್ನಷ್ಟಕ್ಕೇ ಹಿಂಬಾಲಿಸಿತು. "ನಾನಾಗಲಿ ನನ್ನ ಮನೆಯವರಾಗಲಿ ದೂರು ಕೊಟ್ಟಿಲ್ಲ." ಹೇಳಿದೆ. "ಈ ಮಾತು ಸುಳ್ಳಾದರೆ ಒಂದು ವರ್ಷದೊಳಗೆ ನನ್ನ ಮನೆಗೇ ತಟ್ಟಲಿ." ಅದನ್ನೂ ಹೇಳಿದೆ.  ಕೊನೆಯ ಮಾತು ನನಗೆ ಬೇಕಿತ್ತು, ಕೈ ಎತ್ತಿದೆ, ಅಷ್ಟರಲ್ಲಿ "ಆಯ್ತು, ಎಲ್ಲರಿಗೂ ಬಿಸು ಹಬ್ಬದ ಶುಭಾಶಯ" ಎಂದು ಕಾಲ್ ಮುಗಿಸಿದರು.

ಮೂರು ವಾರದಲ್ಲಿ ಅಪ್ಪ ಹೋದರು.

ಊರಿನಲ್ಲಿ ಆ ಮೇ ತಿಂಗಳು ಹೇಗಿತ್ತೆಂದು ಹೇಳಬೇಕಾಗಿಲ್ಲ. ಯಾರ ಮನೆಯಲ್ಲಿ ಸಾವಾಗಲಿಲ್ಲ? ಎರಡು ಆಸ್ಪತ್ರೆ ತಿರುಗಿದ ಮೇಲೆ ಮೂರನೆಯದರಲ್ಲಿ ಹಾಸಿಗೆ ಸಿಕ್ಕಿತು, ಆರು ದಿನ ಇದ್ದರು. ಕೊನೆಯ ಸಲ ಅಣ್ಣನ ಫೋನಿನಲ್ಲಿ ನೋಡಿದಾಗ ಮೂಗಿಗೆ ಆಮ್ಲಜನಕದ ನಳಿಕೆ, ಮಾತಿಲ್ಲ, ಬೆರಳು ಮಾತ್ರ ಆಡಿಸಿದರು. ಭಾರತದ ವಿಮಾನಗಳನ್ನು ನಿಲ್ಲಿಸಿದ್ದರು, ಹೋದರೆ ತಿರುಗಿ ಬರುವುದು ಗೊತ್ತಿಲ್ಲ. ಇಲ್ಲಿಯೇ ಅಡುಗೆಮನೆಯ ನೆಲದ ಮೇಲೆ ಕೂತು ಚಿತೆಯನ್ನು ಫೋನಿನಲ್ಲಿ ನೋಡಿದೆ. ಪಕ್ಕದ ಮನೆಯಲ್ಲಿ ಹುಟ್ಟಿದ ಮಗುವಿಗೆ ಹನ್ನೆರಡು ದಿನ. ಅದು ಅಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು.

ಹಿರಿಯರು ಗ್ರೂಪಿನಲ್ಲಿ ಸಂತಾಪ ಹಾಕಿದರು. ಕೈಮುಗಿದ ಚಿತ್ರಗಳ ಸಾಲಿನ ನಡುವೆ ಒಬ್ಬರು ಬರೆದರು: "ದೈವದ ಆಣೆ ಸುಮ್ಮನೆ ಅಲ್ಲ. ತಟ್ಟಿತು." ಅದಕ್ಕೂ ಕೈಮುಗಿದವರಿದ್ದರು. ನಾನು ಓದಿದೆ, ಇನ್ನೊಮ್ಮೆ ಓದಿದೆ. ನಂತರ ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ, ನನ್ನ ಅಪ್ಪನಿಗೆ ಗೊತ್ತಿದ್ದ ತುಳು ಬೈಗುಳವೆಲ್ಲ ಅದರಲ್ಲಿತ್ತು. ಐದು ನಿಮಿಷದಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದರು. ಗೆಳತಿ ಒಂದಕ್ಷರ ಬರೆಯಲಿಲ್ಲ. ಹಸಿ ಬಾಣಂತಿ, ಏನು ಗೊತ್ತು ಅವಳಿಗೆ ಎಂದು ಆಗಲೂ ಅವಳ ಪರವಾಗಿ ನಾನೇ ವಾದಿಸಿಕೊಂಡೆ. ಎಂಥ ಪೆದ್ದು ನಾನು!

ಈ ಸುದ್ದಿ ಮಂಗಳೂರು ತಲುಪಲು ವಿಮಾನ ಬೇಕಾಗಲಿಲ್ಲ. ಗ್ರೂಪಿನಲ್ಲಿ ಯಾರದೋ ಅತ್ತೆ ನಮ್ಮ ಅತ್ತಿಗೆಗೆ ಬಳಗ. ಅಪ್ಪನ ಉತ್ತರಕ್ರಿಯೆಯ ಬೊಜ್ಜ ಕಳೆದ ಮರುದಿನ ಅಮ್ಮ ಫೋನ್ ಮಾಡಿದಳು. ಊಟವಾಯಿತಾ ಎಂದು ಕೇಳಲಿಲ್ಲ. "ನಿಜ ಹೇಳು ಮಗಾ. ನೀನು ಪೊಲೀಸರಿಗೆ ಹೇಳಿದ್ದಾ?"

 "ಅಮ್ಮಾ, ನೀನೂ ಕೇಳ್ತೀಯಾ?"

"ಹಾಗಲ್ಲ. ಜನ ಹೇಳ್ತಾರೆ ಅಂತ ಕೇಳಿದೆ."

"ಇಲ್ಲಮ್ಮ. ಅಪ್ಪನಾಣೆ..." ಎಂದು ಹೊರಟವಳು ಬಾಯಿ ಮುಚ್ಚಿಕೊಂಡೆ. "ಇಲ್ಲ. ನಾನು ಮಾಡಿಲ್ಲ."

"ಆಯ್ತು. ನೀನು ಇಲ್ಲ ಅಂದ್ರೆ ಇಲ್ಲ. ನಾನು ನಂಬ್ತೇನೆ" ಎಂದಳು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಎಂಬತ್ತು ಮನೆಯವರು ಹಾಳಾಗಿ ಹೋಗಲಿ, ಹೆತ್ತವಳು ನಂಬಿದಳಲ್ಲ, ಅಷ್ಟು ಸಾಕು ಎಂದುಕೊಂಡು ವರ್ಷ ಕಳೆದೆ. ಭಾರತೀಯ ಅಂಗಡಿಯಲ್ಲಿ ಕೊತ್ತಂಬರಿ ಆರಿಸುತ್ತಿದ್ದವರು ನನ್ನನ್ನು ಕಂಡು ಬೇಳೆಯ ಸಾಲಿಗೆ ಹೋಗುವುದು, ಟ್ರಾಮಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸುವುದು, ಎಲ್ಲ ಅಭ್ಯಾಸವಾಯಿತು. ಗೆಳತಿಯೂ ನಾನೂ ಮೊಗಸಾಲೆಯಲ್ಲಿ ಎದುರಾದರೆ ಹವೆಯ ಬಗ್ಗೆ ಎರಡು ಮಾತಾಡುತ್ತಿದ್ದೆವು, ಅದೂ ಡಚ್ಚಿನಲ್ಲಿ.

ಮರು ವರ್ಷ, ಮಾಸ್ಕುಗಳೆಲ್ಲ ಹೋಗುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಅವಳೇ. ಕಂಕುಳಲ್ಲಿ ಮಗು, ಕೈಯಲ್ಲಿ ಒಂದು ಕಡತ, ಮುಖದಲ್ಲಿ ರಕ್ತವಿಲ್ಲ. "ಅಕ್ಕಾ, ತಕರಾರಿಗೆ ಉತ್ತರ ಬಂದಿದೆ. ಫೋನಿನ ಟ್ರಾನ್ಸ್‌ಲೇಟರಲ್ಲಿ ಹಾಕಿ ನೋಡಿದೆ, 'ಬೇಷರತ್ ವಜಾ' ಅಂತ ಬಂತು. ನಮ್ಮ ಅರ್ಜಿ ವಜಾ ಆಯ್ತಾ? ಪಾಸ್‌ಪೋರ್ಟ್ ಕಥೆ ಮುಗೀತಾ? ಇವರ ಆಫೀಸಿನವರು ಕೆಲಸ ಬಿಟ್ಟು ಹೋದ್ರು, ನಂಗೆ ಬೇರೆ ಯಾರೂ ಇಲ್ಲ."

ಒಳಗೆ ಕರೆದೆ. ಕೂರಿಸಿದೆ. ಮಗುವಿಗೆ ಬಿಸ್ಕತ್ತು ಕೊಟ್ಟೆ. ಕಾಗದ ಓದಿ, "ವಜಾ ಆದದ್ದು ನಿನ್ನ ಅರ್ಜಿ ಅಲ್ಲ, ನಿನ್ನ ಮೇಲಿನ ಕೇಸು. ಆ ಕೆಳಗಿನ ಕೋಣೆ ಮನೆಯ ಭಾಗವೋ ಸಾರ್ವಜನಿಕ ಜಾಗವೋ ಅಂತ ಅವರಿಗೆ ಸಾಬೀತು ಮಾಡ್ಲಿಕ್ಕೆ ಆಗ್ಲಿಲ್ಲ. ಅನುಮಾನ ಉಳಿದಿದೆ, ಅನುಮಾನದ ಲಾಭ ನಿನಗೆ. ದಂಡ ಇಲ್ಲ, ಏನೂ ಇಲ್ಲ" ಎಂದೆ. ಅವಳು ಮಗುವನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ನಿಜಕ್ಕೂ ಸಂತೋಷವಾಯಿತು. ಒಂದು ಕೋಣೆಯ ಬಗ್ಗೆ ಅನುಮಾನ ಬಂದರೆ ಇಷ್ಟು ಕಾಗದ ಓಡಾಡುತ್ತದಲ್ಲ ಎಂದು ನಗುವೂ ಬಂತು.

ಕಡತವನ್ನು ಜೋಡಿಸಿಡಲು ಹೊರಟಾಗ ಒಳಗಿನ ಹಳೆಯ ಹಾಳೆಗಳು ಕೈಗೆ ಬಂದವು. ತಕರಾರು ಹಾಕಿದವರು ಕೇಳಿದರೆ ಸರ್ಕಾರಿ ವಕೀಲರ ಕಚೇರಿ ಎಲ್ಲ ದಾಖಲೆಯ ಪ್ರತಿ ಕಳಿಸುತ್ತದೆ. ಅದರಲ್ಲಿ ಆ ದಿನದ ಅಧಿಕಾರಿಯ ವರದಿ ಇತ್ತು. ಕೆಲಸಕ್ಕೆ ಸೇರುವಾಗ ಇಟ್ಟ ಆಣೆಯ ಮೇಲೆ ಬರೆದದ್ದು ಎಂದು ಮೊದಲ ಸಾಲಿನಲ್ಲೇ ಇತ್ತು, ಇಲ್ಲಿನ ವರದಿಗಳೆಲ್ಲ ಹಾಗೇ ಶುರುವಾಗುತ್ತವೆ. ಅಭ್ಯಾಸಬಲದಿಂದ ಮುಂದಕ್ಕೆ ಓದಿದೆ. 'ನಾವು ಮಾಮೂಲಿ ಗಸ್ತಿನಲ್ಲಿ ಆಸುಪಾಸಿನಲ್ಲಿದ್ದೆವು. ಕಟ್ಟಡದ ಸಾಮಾನ್ಯ ಕೋಣೆಯ ಗಾಜಿನ ಬಾಗಿಲ ಹೊರಗೆ ಹದಿನಾರು ಜೊತೆ ಶೂ ಮತ್ತು ಚಪ್ಪಲಿಗಳನ್ನು ಕಂಡೆವು. ಇದರಿಂದ ಒಳಗೆ ಜನ ಸೇರಿದ್ದಾರೆಂದು ತಿಳಿಯಿತು. ಯಾರ ದೂರಿನ ಮೇಲೂ ಅಲ್ಲ, ನಮ್ಮದೇ ಗಮನಕ್ಕೆ ಬಂದು ಬಾಗಿಲು ತಟ್ಟಿದೆವು.'

ಆಸುಪಾಸು ಎಂಬಲ್ಲಿ 'ಬ್ಯೂರ್ಟ್' ಎಂಬ ಆ ಪದವೇ ಅಚ್ಚಾಗಿ ಕೂತಿತ್ತು, ಟಕಾರದ ಸಮೇತ.

ಮೊದಲು ಬಂದದ್ದು ನಗುವೇ. ಚಪ್ಪಲಿ! ಈ ದೇಶದಲ್ಲಿ ಯಾರು ಫೆಬ್ರವರಿಯ ಚಳಿಯಲ್ಲಿ ಬೀದಿಬದಿಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ? ನಾವೇ. ಆರತಿ ಎತ್ತುವ ಜಾಗಕ್ಕೆ ಶೂ ಹಾಕಿಕೊಂಡು ಹೋಗುತ್ತಾರೆಯೇ? ಒಳಗೆ ಒಂದು ಮೂಲೆಯಲ್ಲಿ ಬಿಟ್ಟಿದ್ದರೆ ಎಲ್ಲರೂ ಬಚಾವ್.

ಆಮೇಲೆ ಯಾರೋ ಕೈಯಲ್ಲಿ 'ಚಪ್ಪಲಿ' ಎಂದು ಬರೆದದ್ದು ಕಂಡಿತು. ಆ ಸಾಲಿನ ಪಕ್ಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಕನ್ನಡದಲ್ಲಿ: 'ಚಪ್ಪಲಿ ನೋಡಿ ಬಂದದ್ದು. ಕಂಪ್ಲೇಂಟ್ ಇಲ್ಲ.' ಅವಳ ಕೈಬರಹ. ಅವಳ ಡಚ್ ಹೋಮ್‌ವರ್ಕ್ ತಿದ್ದಿದವಳು ನಾನು, ಅವಳ ದುಂಡನೆಯ 'ಲ' ನನಗೆ ಗೊತ್ತು. ಮೇಲಿನ ಹಾಳೆಯ ತಾರೀಕು ನೋಡಿದೆ. ಅದು ಅವರ ಮನೆಗೆ ಬಂದದ್ದು ನಾನು ಆಣೆ ಹಾಕುವುದಕ್ಕಿಂತ ಒಂದು ವಾರ ಮೊದಲು.

"ನಿನಗೆ ಇದು ಗೊತ್ತಿತ್ತು" ಎಂದೆ. 

ಅವಳು ಹಾಳೆಯನ್ನು ನೋಡಿದಳು. ಅಳು ನಿಂತಿತು. "ಇವರ ಆಫೀಸಿನವರು ಓದಿ ಹೇಳಿದ್ರು."

"ಆಣೆಗೆ ಮುಂಚೆ?"

"ಹ್ಞೂಂ."

"ಮತ್ತೆ ಬಾಗಿಲಲ್ಲಿ ಬಂದು ನಿಂತು, ಆಣೆ ಹಾಕು ಅಂದ್ಯಲ್ಲ! ಹೊಟ್ಟೆ ಮೇಲೆ ಕೈ ಇಟ್ಟು!"

"ನಾನೇ ಗ್ರೂಪಲ್ಲಿ ಬರೆದಿದ್ದೆ ಅಲ್ವಾ ಅಕ್ಕಾ, ಆಫೀಸರ್ ಹೇಳಿದ್ದು ಅಂತ. ಈಗ ಅಲ್ಲ ಅಂದ್ರೆ ನಾನು ಸುಳ್ಳಿ ಆಗ್ತಿದ್ದೆ. ನೀನು ಹೇಗೂ ಮಾಡಿಲ್ಲ, ಆಣೆ ಹಾಕಿದ್ರೆ ನಿಂಗೆ ಎಂತ ಆಗ್ತದೆ, ಎಲ್ಲ ಸರಿ ಆಗ್ತದೆ ಅಂತ..."

"ನನ್ನ ಅಪ್ಪ ಸತ್ತಾಗ? ತಟ್ಟಿತು ಅಂತ ಬರೆದ್ರಲ್ಲ, ಆಗ?"

ಅವಳು ಮಗುವಿನ ತಲೆ ಸವರುತ್ತ ಕೂತಳು. ತಲೆಯೆತ್ತದೆ ಹೇಳಿದಳು, "ಅಷ್ಟೊತ್ತಿಗೆ ತುಂಬ ತಡ ಆಗಿತ್ತು."

ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಆ ಹಾಳೆಯ ಫೋಟೋ ತೆಗೆದು ಎಂಬತ್ತು ಮನೆಗೂ ಒಬ್ಬೊಬ್ಬರಿಗೇ ಕಳಿಸಬೇಕೆನಿಸಿತು. ನನಗಾದದ್ದೆಲ್ಲ ಅವಳಿಗೂ ಆಗಲಿ, ಅವಳ ಮುಖವೂ ಮೇಲಿನ ಸಾಲಿನ ಚೌಕದಲ್ಲಿ ಬರಲಿ, ಯಾರಾದರೂ ತಿಂಡಿ ತಿನ್ನುತ್ತ ಪ್ರಶ್ನೆ ಕೇಳಲಿ. ಕೈ ಫೋನಿನ ಮೇಲೆ ಹೋಗಿಯೂ ಆಗಿತ್ತು. ಆದರೆ ಕಾಗದ ಅವಳದ್ದು, ಓದಿ ಹೇಳು ಎಂದು ನನ್ನ ಬಳಿ ತಂದದ್ದು. ಎರಡು ಬೆರಳೆತ್ತಿದ ಆಣೆ ಒಂದಿದೆಯಲ್ಲ ನನ್ನ ಮೇಲೆ. ಹಲ್ಲು ಕಚ್ಚಿ ಹೇಳಿದೆ, "ಗ್ರೂಪಿಗೆ ಹಾಕುವುದಿಲ್ಲ. ಅಲ್ಲಿ ಹೇಳುವುದು ನಿನ್ನ ಕೆಲಸ, ಹೇಳಿದ್ರೆ ಹೇಳು. ಒಬ್ಬರಿಗೆ ಮಾತ್ರ, ಈ ನಾಲ್ಕು ಸಾಲು ಓದ್ಬೇಕು. ಒಪ್ಪಿಗೆ ಕೊಡು."

"ಯಾರಿಗೆ?"

"ನನ್ನ ಅಮ್ಮನಿಗೆ."

ಅವಳು ತಲೆಯಾಡಿಸಿದಳು. ಅವಳೆದುರೇ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಕೋರ್ಟಿನಲ್ಲಿ ಓದುವ ಹಾಗೆ ಓದಿದೆ. ಗಸ್ತು, ಆಸುಪಾಸು, ಗಾಜಿನ ಬಾಗಿಲು, ಹದಿನಾರು ಜೊತೆ, ಯಾರ ದೂರಿನ ಮೇಲೂ ಅಲ್ಲ. ಒಂದು ಪದ ಕೂಡಿಸಲಿಲ್ಲ, ಒಂದು ಪದ ಬಿಡಲಿಲ್ಲ. ಓದುತ್ತಿದ್ದಾಗ ಬೆನ್ನು ನೆಟ್ಟಗಾಯಿತು. ಅಮ್ಮ ನಂಬಿದ್ದಾಳೆ, ಆದರೂ ಅವಳ ಕೈಗೆ ಪುರಾವೆ ಸಿಗಲಿ, ಅಣ್ಣನ ಮನೆಗೆ ಬರುವ ಬಳಗದ ಬಾಯಿಗೆ ಅವಳು ಬೀಗ ಹಾಕಲಿ, ಅಷ್ಟೇ ನನ್ನ ಆಸೆ.

 ಓದಿ ಮುಗಿಸಿ, "ಕೇಳ್ತಾ ಅಮ್ಮಾ?" ಎಂದೆ.

"ಕೇಳಿತು" ಎಂದಳು. ಧ್ವನಿ ಸಣ್ಣದಾಗಿತ್ತು. "ಹಾಗಾದ್ರೆ ಮಗಾ, ಅಪ್ಪ ಹೋದಲ್ಲಿಂದ ಪ್ರತಿ ಸಂಕ್ರಮಣಕ್ಕೂ ನಿನ್ನ ಹೆಸರಲ್ಲಿ ದೈವಕ್ಕೆ ತಪ್ಪು ಕಾಣಿಕೆ ಹಾಕಿ, ನನ್ನ ಮಗಳನ್ನು ಕ್ಷಮಿಸು ಅಂತ ಅಡ್ಡ ಬೀಳ್ತಿದ್ದೆ. ಅದು ಯಾವ ತಪ್ಪಿಗೆ?"

ಸ್ಪೀಕರಿನಲ್ಲಿ ಬಂದ ಆ ಪ್ರಶ್ನೆಯನ್ನು ಮೇಜಿನ ಆಚೆ ಕೂತವಳೂ ಕೇಳಿಸಿಕೊಂಡಳು.